ಕಡಲಿದ್ದರೆ ಗಾಳಿ ಚೆನ್ನಾಗಿರುತ್ತೆ ಅಂದವರು ಯಾರು?

ಊರಿಗೆ ಹೋದಾಗಲೆಲ್ಲ ಇದೇ ಮಾತು. "ನಿಂಗೇನಪ್ಪ, ಅಲ್ಲೂ ಸಮುದ್ರ, ಇಲ್ಲೂ ಸಮುದ್ರ." ನಮ್ಮದು ಅಂಕೋಲಾ. 2012ರಿಂದ ಇರುವುದು ವಿಶಾಖಪಟ್ಟಣದಲ್ಲಿ, ಒನ್ ಟೌನ್ ಅಂತ ಕರೆಯುವ ಹಳೇ ಪೇಟೆಯ ಹತ್ತಿರ. ಸಮುದ್ರ ಎರಡೂ ಕಡೆ ಇದೆ, ನಿಜ. ಗಾಳಿ ಮಾತ್ರ ಬೇರೆ.

ಬೆಳಿಗ್ಗೆ ಒರೆಸಿದ ಬಾಲ್ಕನಿ ಕಂಬಿಯ ಮೇಲೆ ಸಂಜೆ ಬೆರಳಾಡಿಸಿದರೆ ಕಾಡಿಗೆ ಮುಟ್ಟಿದ ಹಾಗೆ ಕಪ್ಪು. ಬಂದರಿನ ಕಲ್ಲಿದ್ದಲ ಪುಡಿ. ಪಕ್ಕದ ಮನೆ ಆಂಟಿ ಬಿಳಿ ಪಂಚೆ ಒಣಹಾಕುವ ಮುಂಚೆ ಎದುರಿನ ತೆಂಗಿನ ಗರಿ ಯಾವ ಕಡೆ ವಾಲುತ್ತಿದೆ ಅಂತ ನೋಡುತ್ತಾರೆ. ಗಾಳಿ ಬಂದರಿನ ಕಡೆಯಿಂದ ಇದ್ದರೆ ಪಂಚೆ ಒಳಗೆ, ಫ್ಯಾನಿನ ಕೆಳಗೆ. ಹವಾಮಾನ ಇಲಾಖೆ ಬೇಡ ಅವರಿಗೆ.

ನಾನು ಕಾಲೇಜಿಗೆ ಹೋಗುವಾಗ ನಮ್ಮೂರಿನ ಧೂಳು ಕೆಂಪಗಿತ್ತು. ಹೊಸಪೇಟೆ, ಬಳ್ಳಾರಿ ಕಡೆಯ ಅದಿರು ಲಾರಿಗಳು ಅರಬೈಲ್ ಘಟ್ಟ ಇಳಿದು ಬೇಲೇಕೇರಿಗೆ, ಕಾರವಾರಕ್ಕೆ ಸಾಲಾಗಿ ಹೋಗುತ್ತಿದ್ದವು, ಹೆದ್ದಾರಿ ಪಕ್ಕದ ಮಾವಿನೆಲೆ ಕೂಡ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನ ಅಂಗಿಯಂತೂ ಕೇಳಲೇಬೇಡಿ. ಆದರೆ ಜೂನ್ ಬಂತು ಅಂದರೆ ಎಲ್ಲ ಸಾಫ್. ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಊರು ಅದು. ಮೋಡ ಘಟ್ಟಕ್ಕೆ ಬಡಿದು ನಮ್ಮ ಮೇಲೆ ಸುರಿಯುತ್ತಿತ್ತು, ಎಲೆ ತೊಳೆಯುತ್ತಿತ್ತು, ನಾವೂ ಮರೆಯುತ್ತಿದ್ದೆವು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಲಾರಿಗಳೂ ಹೋದವು. ಹಾಗಾಗಿ ಗಾಳಿ ಬಗ್ಗೆ ಜಗಳ ಆಡುವುದನ್ನು ನಾವು ಕಲಿಯಲೇ ಇಲ್ಲ, ಅಲ್ವಾ?

ಇಲ್ಲಿ ಮಳೆ ಅಷ್ಟು ಧಾರಾಳಿ ಅಲ್ಲ. ವರ್ಷಕ್ಕೆ ಸುಮಾರು 1,000 ಮಿ.ಮೀ. ಊರಿನ ಆಕಾರವೂ ಬೇರೆ. ಉತ್ತರಕ್ಕೆ ಕೈಲಾಸಗಿರಿ, ಸಿಂಹಾಚಲದ ಬೆಟ್ಟಗಳು. ದಕ್ಷಿಣಕ್ಕೆ ಯಾರಾಡ ಬೆಟ್ಟ, ಅದು ಸಮುದ್ರಕ್ಕೆ ಚಾಚಿದ ಮೂಗೇ ಡಾಲ್ಫಿನ್ಸ್ ನೋಸ್. ನಡುವೆ ಬೋಗುಣಿ. ಆ ಬೋಗುಣಿಯ ತಳದಲ್ಲಿ ಒಳಬಂದರು, ತೈಲ ಸಂಸ್ಕರಣಾಗಾರ, ರೈಲು ಯಾರ್ಡು, ನಾವು. ಬಿರುಗಾಳಿಗೆ ಹಡಗು ಅಲ್ಲಾಡಬಾರದು ಅಂತಲೇ ಬೆಟ್ಟದ ಮರೆಯ ಈ ಜಾಗ ಆರಿಸಿ 1933ರಲ್ಲಿ ಬಂದರು ತೆರೆದರು. ಹಡಗಿಗೆ ಒಳ್ಳೆಯದಾಯಿತು. ಆದರೆ ಗಾಳಿ ತಡೆಯುವ ಬೆಟ್ಟ ಹೊಗೆಯನ್ನೂ ತಡೆಯುತ್ತದೆ.

ಕಡಲ ಗಾಳಿ ಗುಡಿಸಿಕೊಂಡು ಹೋಗುತ್ತದೆ ಅಂತ ನಾನೂ ನಂಬಿದ್ದೆ. ಗುಡಿಸುತ್ತದೆ, ನಮ್ಮ ಮನೆಯೊಳಕ್ಕೆ! ಬಿಸಿಲೇರಿದ ಮೇಲೆ ಸಮುದ್ರದ ತಂಪು ಗಾಳಿ ನೆಲದ ಬಿಸಿ ಗಾಳಿಯ ಕೆಳಗೆ ನುಗ್ಗುತ್ತದೆ. ದಾರಿಯಲ್ಲಿ ಕಲ್ಲಿದ್ದಲ ರಾಶಿ ಸಿಕ್ಕರೆ ಅದರ ಪುಡಿಯನ್ನೂ ಎತ್ತಿಕೊಂಡು ಬರುತ್ತದೆ. ರಾತ್ರಿ ಬೆಟ್ಟದಿಂದ ನೆಲಗಾಳಿ ಇಳಿದು ಅದನ್ನೇ ವಾಪಸ್ ತಳ್ಳುತ್ತದೆ.

ಬೇಸಿಗೆಯಲ್ಲಿ ನೈಋತ್ಯದ ಗಾಳಿ ಜೋರು, ಅಷ್ಟು ಕಷ್ಟ ಇಲ್ಲ. ಕಷ್ಟ ಶುರುವಾಗುವುದು ನವೆಂಬರಿನ ಮಳೆ ನಿಂತ ಮೇಲೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ನೆಲ ತಣ್ಣಗಿರುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ, ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಹೊಗೆ ಮೇಲೇರದೆ ಕೆಳಗೇ ಉಳಿಯುತ್ತದೆ. ಸಾಲದು ಅಂತ ಉತ್ತರದ ಬಯಲಿನ ಹೊಗೆಯೂ ಚಳಿಗಾಲದ ಗಾಳಿಯ ಜತೆ ಬಂಗಾಳ ಕೊಲ್ಲಿ ಕಡೆ ಇಳಿದು ಬರುತ್ತದೆ. 2020ರ ಮೇ 7ರಂದು ಇದೇ ಊರಿನ ಆರ್.ಆರ್. ವೆಂಕಟಾಪುರಂನ ಕಾರ್ಖಾನೆಯಿಂದ ಸ್ಟೈರೀನ್ ಅನ್ನುವ ವಿಷ ರಾಸಾಯನಿಕ ಸೋರಿದ್ದು ಬೆಳಗಿನ ಜಾವ ಮೂರರ ಸುಮಾರಿಗೆ. ಗಾಳಿಗಿಂತ ಭಾರದ ಆವಿ, ಮಲಗಿದ ಊರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅದು ಅಪಘಾತ, ಈ ಧೂಳಿನ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಆಮೇಲೆ ನಸುಕಿನ ಗಾಳಿ ಅಂದರೆ ನನಗೆ ಮೊದಲಿನ ಸಲುಗೆ ಇಲ್ಲ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಊರೂ ಇದೆ. ಅಲ್ಲಿ ಗುರಿ ಇಡುವುದು ಗಾಳಿಯಲ್ಲಿನ ಧೂಳಿನ ವರ್ಷದ ಸರಾಸರಿಗೆ. ಇದೇ ನನ್ನ ತಕರಾರು. ಜುಲೈಯ ಗಾಳಿಯನ್ನೂ ಜನವರಿಯ ಗಾಳಿಯನ್ನೂ ಬೆರೆಸಿ ಒಂದು ಅಂಕಿ ಕೊಟ್ಟರೆ ಉಸಿರಾಡುವವನಿಗೆ ಏನು ಪ್ರಯೋಜನ? ರಾಶಿಗೆ ಟಾರ್ಪಾಲು ಹೊದಿಸುವುದು, ನೀರು ಚಿಮುಕಿಸುವುದು, ರಸ್ತೆ ಗುಡಿಸುವ ಹೊತ್ತು, ಇವೆಲ್ಲ ಕ್ಯಾಲೆಂಡರ್ ನೋಡಿ ಬದಲಾಗಬೇಕು. ಗಾಳಿ ಸತ್ತು ಬಿದ್ದಿರುವ ಜನವರಿ ಬೆಳಿಗ್ಗೆ ಆರಕ್ಕೆ ಒಣ ಪೊರಕೆ ಹಿಡಿದು ರಸ್ತೆ ಗುಡಿಸಿಸುತ್ತಾರೆ. ಗುಡಿಸುವವರ ಮೂಗಿಗೆ ಒಂದು ಕರ್ಚೀಫು.

ನಮ್ಮ ಕಡೆಯವರೇನು ಕಡಿಮೆ ಇಲ್ಲ. ಚಳಿಗಾಲದ ಬೆಳಿಗ್ಗೆ ಅಂಗಳದ ದರಕು ಗುಡಿಸಿ ಬೆಂಕಿ ಹಾಕಿ ಕೈ ಕಾಯಿಸಿಕೊಂಡೇ ಬೆಳೆದವನು ನಾನು. ಅಲ್ಲಿ ಮನೆ ಮನೆ ನಡುವೆ ತೋಟ, ಹೊಗೆ ಕರಗಿ ಹೋಗುತ್ತಿತ್ತು. ಇಲ್ಲಿ ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಸೂರ್ಯ ಹುಟ್ಟುವ ಮುಂಚೆ ಬೀದಿ ಬೀದಿಯಲ್ಲಿ ಬೆಂಕಿ, ಅದೂ ತಟ್ಟೆ ಮುಚ್ಚಿದ ಹೊತ್ತಿನಲ್ಲೇ. ಹೋದ ಸಲ ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ, ಒಂಬತ್ತು ಗಂಟೆಗೆ ಹಚ್ಚೋಣ, ಗಾಳಿ ಎದ್ದಿರುತ್ತೆ ಅಂದೆ. ಎಲ್ಲರೂ ನಕ್ಕರು. ಒಂಬತ್ತಕ್ಕೆ ಭೋಗಿ ಎಲ್ಲಾದರೂ ಉಂಟಾ? ಚೌಕಾಸಿ ಮಾಡಿ, ಟೈರು ಮತ್ತು ಮುರಿದ ಪ್ಲಾಸ್ಟಿಕ್ ಕುರ್ಚಿ ಬೇಡ, ಕಟ್ಟಿಗೆ ಮತ್ತು ಬೆರಣಿ ಮಾಲೆ ಸಾಕು ಅನ್ನುವಲ್ಲಿಗೆ ಬಂದೆವು. ಆಂಟಿ ನನ್ನ ಕಡೆ ಮಾತಾಡಿದರು. ಆ ದಿನ ಅವರು ಬಟ್ಟೆ ಒಗೆಯುವುದೇ ಇಲ್ಲವಂತೆ.