ಏಳು ಡಬ್ಬಿ, ಒಂದು ಪಾವು

ಇಟಾಲಿಯನ್ನರು ಬರೆದಿಟ್ಟ ಯಾವುದೇ ಸಿಹಿತಿಂಡಿಯ ವಿಧಾನ ತೆಗೆದು ನೋಡಿ, ಎರಡು ಅಕ್ಷರ ಇದ್ದೇ ಇರುತ್ತೆ. ಕು.ಬಿ. ಹಿಟ್ಟು 250 ಗ್ರಾಂ, ಸಕ್ಕರೆ 120 ಗ್ರಾಂ, ಬೆಣ್ಣೆ 80 ಗ್ರಾಂ ಅಂತ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದ ಹಾಗೆ ಬರೆದುಕೊಂಡು ಬಂದವರು, ಹಾಲಿನ ಹತ್ತಿರ ಬರುತ್ತಿದ್ದ ಹಾಗೆ ಸುಮ್ನೆ ಕು.ಬಿ. ಅಂತ ಗೀಚಿ ಕೈ ತೊಳೆದುಕೊಂಡುಬಿಡುತ್ತಾರೆ. ಇಟಲಿಯ ಪಾದೋವಾಕ್ಕೆ ಬಂದ ಹೊಸದರಲ್ಲಿ ನಾನು ಇದನ್ನು ಅಂಗಡಿಯಲ್ಲಿ ಸಿಗುವ ಯಾವುದೋ ಸಾಮಾನು ಅಂದುಕೊಂಡಿದ್ದೆ. ಹಾಲಿನ ಪಕ್ಕ ಕು.ಬಿ., ಉಪ್ಪಿನ ಪಕ್ಕ ಕು.ಬಿ., ಕೋಕೋ ಪುಡಿಯ ಪಕ್ಕವೂ ಕು.ಬಿ. ಎಲ್ಲಕ್ಕೂ ಹಾಕ್ತಾರಲ್ಲ, ಎಂಥ ಮಸಾಲೆಯಪ್ಪಾ ಇದು!

ಮೇಲಿನ ಮನೆ ಅಜ್ಜಿ ಬಿಡಿಸಿ ಹೇಳಿದರು. ಕ್ವಾಂತೊ ಬಾಸ್ತಾ. ಎಷ್ಟು ಸಾಕೋ ಅಷ್ಟು. ನಮ್ಮ 'ರುಚಿಗೆ ತಕ್ಕಷ್ಟು ಉಪ್ಪು' ಇದೆಯಲ್ಲ, ಅದರ ಅಣ್ಣ. ಎಷ್ಟು ಸಾಕು ಅಂತ ಗೊತ್ತಿದ್ದರೆ ನಾನು ಯಾಕೆ ಓದುತ್ತಾ ಕೂರ್ತಿದ್ದೆ, ಹೇಳಿ.

ಆ 'ಬಾಸ್ತಾ' ಅನ್ನೋ ಪದ ನನ್ನ ಕಿವಿಯಲ್ಲಿ ಸರಿಯಾಗಿ ಕೂತಿದ್ದು ಮಾತ್ರ ತಿರಮಿಸು ಅನ್ನೋ ಕಾಫಿ-ಕೆನೆಯ ಸಿಹಿ ಮಾಡಿದ ದಿನ. ಪಾದೋವಾದಿಂದ ತ್ರೆವೀಸೊ ರೈಲಿನಲ್ಲಿ ಒಂದು ಗಂಟೆಯ ದಾರಿ, ಅಷ್ಟೇ. ತಿರಮಿಸು ಹುಟ್ಟಿದ್ದು ನಮ್ಮಲ್ಲೇ, ಬೆಕ್ಕೆರಿಯೆ ಅನ್ನೋ ಹೋಟೆಲಿನಲ್ಲಿ, 1970ರ ಆಸುಪಾಸಿನಲ್ಲಿ ಅಂತ ತ್ರೆವೀಸೊದವರ ವಾದ. ಇಲ್ಲ, ಅದಕ್ಕೂ ಮುಂಚೆ ನಮ್ಮ ತೊಲ್ಮೆತ್ಸೊದಲ್ಲಿ ಮಾಡ್ತಿದ್ರು ಅಂತ ಪಕ್ಕದ ಫ್ರಿಯುಲಿಯವರು. 2017ರಲ್ಲಿ ಇಟಲಿಯ ಕೃಷಿ ಸಚಿವಾಲಯ ತಿರಮಿಸುವನ್ನು ಫ್ರಿಯುಲಿಯ ಸಾಂಪ್ರದಾಯಿಕ ತಿನಿಸುಗಳ ಪಟ್ಟಿಗೆ ಸೇರಿಸಿದಾಗ, ತ್ರೆವೀಸೊ ಇರುವ ವೆನೆತೊ ಪ್ರಾಂತ್ಯದವರು ಕೆಂಡವಾಗಿದ್ದರು. ಮೈಸೂರುಪಾಕು ನಮ್ಮದು ಅಂತ ಪಕ್ಕದ ರಾಜ್ಯದವರು ಅಂದ್ರೆ ನಮಗೆ ಹೇಗಾಗುತ್ತೆ, ಹಾಗೆ. ಅಜ್ಜಿಯ ಎದುರು ಫ್ರಿಯುಲಿಯ ಹೆಸರು ಎತ್ತುವ ಧೈರ್ಯ ನನಗಂತೂ ಇಲ್ಲ.

ತಿರಮಿಸುಗೆ ಒಲೆ ಬೇಕಾಗಿಲ್ಲ, ಕಾಫಿ, ಕೆನೆ ಕಾಯಿಸೋಕೆ ಬಿಟ್ಟರೆ. ಮೊಟ್ಟೆಯ ಹಳದಿಯನ್ನು ಸಕ್ಕರೆಯ ಜೊತೆ ಬಿಳಿಚಿಕೊಳ್ಳುವವರೆಗೂ ಕಡೆಯಬೇಕು. ಹಸಿ ಮೊಟ್ಟೆ, ಬೇಯಿಸೋದಿಲ್ಲ. ನನಗೆ ಎದೆ ಡವಡವ. ಅಜ್ಜಿ ಮೊಟ್ಟೆಯನ್ನು ಬೆಳಕಿಗೆ ಹಿಡಿದು ಚಿಪ್ಪಿನ ಮೇಲಿದ್ದ ಕೆಂಪು ಅಂಕಿಗಳನ್ನು ತೋರಿಸಿದರು. ಇಲ್ಲಿ ಪ್ರತಿ ಮೊಟ್ಟೆಗೂ ಠಸ್ಸೆ ಇರುತ್ತೆ. ಮೊದಲನೇ ಅಂಕಿ ಸೊನ್ನೆ ಇದ್ದರೆ ಸಾವಯವ, ಒಂದಾದರೆ ಬಯಲಲ್ಲಿ ಓಡಾಡಿಕೊಂಡಿದ್ದ ಕೋಳಿ, ಎರಡಾದರೆ ಕೊಟ್ಟಿಗೆಯದು, ಮೂರಾದರೆ ಪಂಜರದ್ದು. ಅಜ್ಜಿಯದು ಸೊನ್ನೆ. ಕೋಳಿಯ ಜಾತಕ ಗೊತ್ತಾದ್ರೆ ಮೊಟ್ಟೆ ಬೇಯುತ್ತಾ ಅಂತ ಕೇಳೋಣ ಅನ್ನಿಸಿತು, ಕೇಳಲಿಲ್ಲ.

ಆಮೇಲೆ ಅದಕ್ಕೆ ಸೇರಿಸೋ ಮಸ್ಕರ್ಪೋನೆ, ಅಂದ್ರೆ ಕೆನೆಯ ಮೆತ್ತನೆ ಚೀಸು. ಅಂಗಡಿಯ ಡಬ್ಬಿಯನ್ನು ಅಜ್ಜಿ ಒಪ್ಪೋದಿಲ್ಲ. ಕೊಬ್ಬು ಜಾಸ್ತಿ ಇರುವ ಕೆನೆಯನ್ನು ಇನ್ನೇನು ಕುದಿ ಬರಬೇಕು ಅನ್ನೋ ತನಕ, 85 ಡಿಗ್ರಿಯಷ್ಟು ಕಾಯಿಸಿ, ಒಂದು ಚಮಚ ನಿಂಬೆರಸ ಬಿಟ್ಟು, ಗಟ್ಟಿಯಾಗುತ್ತಾ ಬಂದಾಗ ಇಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಸೋರಲು ಬಿಡೋದು. ಇದರಲ್ಲಿ ಮಾತ್ರ ನಾನು ಅಜ್ಜಿಯ ಮುಂದೆ ಮೆರೆದೆ. ಶ್ರೀಖಂಡಕ್ಕೆ ಮೊಸರು ಕಟ್ಟಿದ ಕೈಗೆ ಇದೇನು ಮಹಾ, ಗಂಟು ಬಿಗಿದ ರೀತಿ ನೋಡಿಯೇ ಅಜ್ಜಿ ಹುಬ್ಬು ಏರಿಸಿದರು.

ಮೆರೆದಿದ್ದು ಅಲ್ಲಿಗೆ ಮುಗೀತು. ಸಾವೊಯಾರ್ದಿ ಅಂತ ಬೆರಳುದ್ದದ ಬಿಸ್ಕತ್ತು, ಮೈತುಂಬ ಸಕ್ಕರೆ, ಒಳಗೆ ಬರೀ ಗಾಳಿ. ಅದನ್ನು ಆರಿದ ಕಾಫಿಯಲ್ಲಿ ಅದ್ದಿ ಸಾಲಾಗಿ ಜೋಡಿಸಬೇಕು. ಹುಟ್ಟಿದಾಗಿನಿಂದ ಬಿಸ್ಕತ್ತು ಅದ್ದಿದ ಕೈ ನಂದು, ಲೋಟದ ತಳ ಮುಟ್ಟಿಸಿ ಒಂದು, ಎರಡು, ಮೂರು ಎಣಿಸಿ ಎತ್ತೋ ಅಭ್ಯಾಸ. ಹಾಗೇ ಮುಳುಗಿಸಿದೆ. ಅಜ್ಜಿ "ಬಾಸ್ತಾ! ಬಾಸ್ತಾ!" ಅಂತ ಕೂಗುವಷ್ಟರಲ್ಲಿ ಅರ್ಧ ಬಿಸ್ಕತ್ತು ಕಾಫಿಯಲ್ಲಿ, ಇನ್ನರ್ಧ ನನ್ನ ಬೆರಳಲ್ಲಿ ಅಂಬಲಿ. ಒಂದು ಮಗ್ಗುಲಿಗೆ ಒಂದು ಕ್ಷಣ, ಇನ್ನೊಂದು ಮಗ್ಗುಲಿಗೆ ಇನ್ನೊಂದು ಕ್ಷಣ, ಅಷ್ಟೇ. ಅಡುಗೆ ಪುಸ್ತಕದಲ್ಲಿ ಕಾಫಿಯ ಮುಂದೆ ಕು.ಬಿ. ಅಂತ ಬರೆದಿತ್ತು, ಸರಿ, ಆದರೆ ಅದ್ದೋದಕ್ಕೂ ಕು.ಬಿ. ಇದೆ ಅಂತ ಯಾರೂ ಬರೆದಿರಲಿಲ್ಲ.

ಪನ್ನಾ ಕೋತ್ತಾ ಕಥೆ ಬೇರೆ. ಪಿಯೆಮೊಂತೆ ಕಡೆಯದು, ಕೆನೆ, ಹಾಲು, ಸಕ್ಕರೆ, ವೆನಿಲಾ, ಐದು ನಿಮಿಷದ ಕೆಲಸ. ಇದರಲ್ಲಿ ಮೊಟ್ಟೆ ಇಲ್ಲವಲ್ಲ ಅಂತ ಖುಷಿಯಾಗಿ ನಾಲ್ಕಾರು ಸಲ ತಿಂದ ಮೇಲೆ, ಅದನ್ನು ಗಟ್ಟಿ ಮಾಡುವ ಗಾಜಿನಂಥ ಹಾಳೆಯ ಹೆಸರು ಓದಿದೆ. ಕೊಲ್ಲಾ ದಿ ಪೆಶೆ. ಮೀನಿನ ಅಂಟು! ಗಾಬರಿಯಿಂದ ಅಜ್ಜಿಯನ್ನು ಕೇಳಿದರೆ, ಛೆ ಛೆ, ಈಗ ಮೀನಿಲ್ಲ, ಹಂದಿ ಅಂತ ಸಮಾಧಾನ ಮಾಡಿದರು. ಅಲ್ಲಿಂದ ಚೈನಾ ಗ್ರಾಸ್ ಹಾಕಿ ಮಾಡ್ತೀನಿ. ಅಷ್ಟು ಬಳುಕೋದಿಲ್ಲ, ಪರವಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಮೈಸೂರಿನಲ್ಲಿರುವ ಅಮ್ಮನಿಗೂ ಏನಾದರೂ ಕಲಿಸಬೇಕು ಅನ್ನೋ ಹುಕಿ ಬಂತು. ಇಲ್ಲಿ ಮನೆಮನೆಯಲ್ಲೂ 'ಏಳು ಡಬ್ಬಿ ಕೇಕ್' ಅಂತ ಒಂದಿದೆ. ತಕ್ಕಡಿಯೇ ಬೇಡ. 125 ಗ್ರಾಂ ಮೊಸರಿನ ಡಬ್ಬಿ ಬರುತ್ತಲ್ಲ, ಅದನ್ನು ಖಾಲಿ ಮಾಡಿ ಅದೇ ಡಬ್ಬಿಯಲ್ಲಿ ಒಂದು ಎಣ್ಣೆ, ಎರಡು ಸಕ್ಕರೆ, ಮೂರು ಹಿಟ್ಟು ಅಳೆಯೋದು. ಮೊಸರೂ ಸೇರಿ ಏಳು. ಜೊತೆಗೆ ಮೂರು ಮೊಟ್ಟೆ, ಒಂದು ಪೊಟ್ಟಣ ಬೇಕಿಂಗ್ ಪೌಡರ್. ಕೇಕಿನಲ್ಲಿರೋ ಮೊಟ್ಟೆ ಮೊಟ್ಟೆಯಲ್ಲ ಅಂತ ಅಮ್ಮ ಎಂದೋ ತೀರ್ಮಾನ ಮಾಡಿಯಾಗಿದೆ, ಆ ತಕರಾರಿಲ್ಲ.

"ಡಬ್ಬಿ ಅಂದ್ರೆ ಎಷ್ಟು ದೊಡ್ಡದೇ?" ಫೋನಿನಲ್ಲಿ ಕೇಳಿದಳು. ಮನೆಯಲ್ಲಿ ಹೆಪ್ಪು ಹಾಕುವವಳ ಹತ್ತಿರ ಮೊಸರಿನ ಡಬ್ಬಿ ಎಲ್ಲಿಂದ ಬರಬೇಕು?

"ಯಾವುದಾದ್ರೂ ತಗೋಮ್ಮ, ಎಲ್ಲದಕ್ಕೂ ಒಂದೇ ಅಳತೆ ಇದ್ರೆ ಆಯ್ತು," ಅಂದುಬಿಟ್ಟೆ, ದೊಡ್ಡ ಪಂಡಿತಳ ಹಾಗೆ.

ಅಮ್ಮ ಪಾವು ತೆಗೆದುಕೊಂಡಳು. ಪಾವು ಅಂದ್ರೆ ಆ ಡಬ್ಬಿಯ ಹೆಚ್ಚುಕಡಿಮೆ ಎರಡರಷ್ಟು. ಹಿಟ್ಟು, ಸಕ್ಕರೆ, ಎಣ್ಣೆ ಎಲ್ಲ ದುಪ್ಪಟ್ಟಾಯ್ತು, ಮೊಟ್ಟೆ ಮಾತ್ರ ಮೂರೇ ಉಳೀತು, ಅದು ಎಣಿಕೆಯ ಲೆಕ್ಕ ತಾನೆ. ಇಲ್ಲಿಯ ಪೊಟ್ಟಣದಲ್ಲಿ 16 ಗ್ರಾಂ ಪುಡಿ ಇರುತ್ತೆ, ಅರ್ಧ ಕಿಲೋ ಹಿಟ್ಟಿಗೆ ಸಾಕು. ಅಮ್ಮ 'ಒಂದು' ಅಂತ ಕೇಳಿಸಿಕೊಂಡವಳು ಒಂದು ಟೀ ಚಮಚ ಹಾಕಿದಳು. ಸಂಜೆ ವೀಡಿಯೊ ಕರೆಯಲ್ಲಿ ಅದನ್ನು ಮೇಜಿನ ಮೇಲೆ ಕುಟ್ಟಿ ತೋರಿಸಿದಳು. ಸದ್ದು ಪಾದೋವಾಕ್ಕೂ ಕೇಳಿಸಿತು.

ಎಸೆಯೋಕೆ ಮನಸ್ಸು ಬರಲಿಲ್ಲ. ಪ್ರಾತೊ ಊರಿನ ಕಂತೂಚ್ಚಿ ಬಿಸ್ಕತ್ತು ನೆನಪಾಯಿತು. ಸಿಪ್ಪೆ ತೆಗೆಯದ ಬಾದಾಮಿ ಸೇರಿಸಿ ಉದ್ದ ದಿಂಡಿನ ಹಾಗೆ ಬೇಯಿಸಿ, ಬಿಸಿ ಇರುವಾಗಲೇ ಓರೆಯಾಗಿ ಕೊಯ್ದು, ಮತ್ತೆ ಓವನ್ನಿಗೆ ಹಾಕ್ತಾರೆ. ಬಿಸ್ಕೊತ್ತೊ ಅನ್ನೋ ಪದದ ಮೂಲ ಅರ್ಥವೇ ಎರಡು ಸಲ ಬೇಯಿಸಿದ್ದು. ಅಮ್ಮನಿಗೂ ಹಾಗೇ ಮಾಡು ಅಂದೆ. ಬೆರಳು ದಪ್ಪಕ್ಕೆ ಕೊಯ್ದು ಸಣ್ಣ ಉರಿಗೆ ಇಟ್ಟಳು, ಮುಕ್ಕಾಲು ಗಂಟೆಯಲ್ಲಿ ಗರಿಗರಿ ಆಯಿತು. ಅಪ್ಪ ಕಾಫಿಯಲ್ಲಿ ಅದ್ದಿ, ನನ್ನ ಹಾಗೇ ಮೂರು ಎಣಿಸಿ ಎತ್ತಿದರು. ಮುರೀಲಿಲ್ಲ. "ಬೇಕರಿ ರಸ್ಕಿಗಿಂತ ವಾಸಿ ಕಣೇ," ಅಂದರಂತೆ. ಈಗ ಅಮ್ಮ ಬೇಕೂಂತಲೇ ಪಾವಿನಲ್ಲಿ ಅಳೀತಾಳೆ, ಮೇಲೆ ಏಲಕ್ಕಿ ಬೇರೆ.

ಮೇಲಿನ ಮನೆ ಅಜ್ಜಿಗೆ ಇದನ್ನು ಹೇಳಿದೆ. ಏಳು ಡಬ್ಬಿ ಕೇಕನ್ನೂ ಕೆಡಿಸೋಕೆ ಆಗುತ್ತಾ, ಅದನ್ನು ನಮ್ಮಲ್ಲಿ ಸಣ್ಣ ಮಕ್ಕಳ ಕೈಲಿ ಮಾಡಿಸ್ತೀವಿ ಅಂತ ನಕ್ಕರು. ಈ ಮಾತನ್ನು ಮಾತ್ರ ಅಮ್ಮನಿಗೆ ಇನ್ನೂ ದಾಟಿಸಿಲ್ಲ.