ಗೇಮ್‌ನಲ್ಲಿ ಚೀಟ್ ಬಳಸಿದರೆ ತಪ್ಪೇ?

ಪರ: ಅವನು ಯಾರಿಗೆ ಮೋಸ ಮಾಡಿದ?

ಮಂಡ್ಯದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಬಲಗೈಯಲ್ಲಿ ಎರಡು ಬೆರಳಿಲ್ಲ. ಕಬ್ಬು ಅರೆಯುವಾಗ ಗಾಣಕ್ಕೆ ಸಿಕ್ಕಿ ಹೋದವು. ರಾತ್ರಿ ಊಟವಾದ ಮೇಲೆ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಒಂದು ಸಾಹಸದ ಆಟ ಆಡುತ್ತಾನೆ. ಅದರಲ್ಲೊಂದು ಮುರುಕು ಸೇತುವೆ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ದಾಟಬಹುದು. ಹದಿನೈದು ದಿನ ಅಲ್ಲೇ ಬಿದ್ದು ಬಿದ್ದು ಸಾಕಾಗಿ, ಆಟದ ನಿಯಮ ಮೀರಿ ಪ್ರಾಣ ಹೋಗದಂತೆ ಕಾಯುವ ಚೀಟ್ ತಂತ್ರಾಂಶವೊಂದನ್ನು ಹಾಕಿಕೊಂಡು ಆಚೆ ದಡ ಸೇರಿದ. ಆ ರಾತ್ರಿಯೇ ಫೋನ್ ಮಾಡಿ, ಮುಂದಿನ ಕತೆಯನ್ನು ಅರ್ಧ ಗಂಟೆ ಹೇಳಿದ. ಆಟ ಅವನದು, ದುಡ್ಡು ಅವನದು, ಎದುರಾಳಿಯಂತೂ ಇಲ್ಲವೇ ಇಲ್ಲ.

ಚೀಟ್ ಅನ್ನುವುದು ಕಳ್ಳರ ಕಸುಬಾಗಿ ಹುಟ್ಟಿದ್ದೂ ಅಲ್ಲ. 1986ರಲ್ಲಿ ‘ಗ್ರಾಡಿಯಸ್’ ಆಟವನ್ನು ಮನೆಯ ಗೇಮ್ ಯಂತ್ರಕ್ಕೆ ಅಳವಡಿಸುತ್ತಿದ್ದ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಅವರಿಗೆ, ಪರೀಕ್ಷಿಸಲು ಕೂತರೆ ಆಟ ತಮಗೇ ದಕ್ಕಲಿಲ್ಲ. ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಬೇಕಾದ ಬಲವೆಲ್ಲ ಕೈಸೇರುವಂತೆ ಮಾಡಿಕೊಂಡರು. ಅದು ಆಟದೊಳಗೇ ಉಳಿದು ಜನರ ಕೈಗೂ ಬಂತು. ಇಂದು ಎಷ್ಟೋ ಕಂಪನಿಗಳು ಅಂಥದೇ ಬಲವನ್ನು ದುಡ್ಡಿಗೆ ಮಾರುತ್ತವೆ. ದುಡ್ಡು ಕೊಟ್ಟು ಕೊಂಡರೆ ಸೌಲಭ್ಯ, ತಾನೇ ದಾರಿ ಹುಡುಕಿಕೊಂಡರೆ ಮೋಸ ಅನ್ನುವ ನ್ಯಾಯವನ್ನು ನಾನು ಒಪ್ಪುವುದಿಲ್ಲ.

ವಿರೋಧ: ಜೋಡಿ ಕಟ್ಟಿದ ಮೇಲೆ

ಒಬ್ಬನೇ ಆಡುವವನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಎದುರಿಗೆ ಇನ್ನೊಬ್ಬರು ಬಂದು ಕೂತ ಕ್ಷಣ ಮಾತು ಬೇರೆಯಾಗುತ್ತದೆ.

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುತ್ತಾರೆ. ಪೈಲ್ವಾನರ ತೂಕ, ಮೈಕಟ್ಟು ನೋಡಿ ಸರಿಸಮ ಅನ್ನಿಸಿದವರನ್ನೇ ಅಖಾಡಕ್ಕೆ ಇಳಿಸುತ್ತಾರೆ. ಆನ್‌ಲೈನ್ ಆಟದ ಸರ್ವರ್ ಮಾಡುವ ಕೆಲಸವೂ ಇಂಥದೇ: ಹಿಂದಿನ ಸೋಲು ಗೆಲುವು ಲೆಕ್ಕ ಹಾಕಿ ಸಮಬಲದವರನ್ನು ಎದುರುಬದುರು ನಿಲ್ಲಿಸುತ್ತದೆ. ಚೀಟ್ ಹಾಕಿದವನು ಮೊದಲು ಕೆಡಿಸುವುದು ಈ ಜೋಡಿಯನ್ನೇ. ಗುಂಡು ಹಾರಿಸುವ ಆಟಗಳಲ್ಲಿ ಗೋಡೆಯ ಹಿಂದೆ ಅಡಗಿದವರು ಎಲ್ಲಿದ್ದಾರೆ ಎಂಬ ಲೆಕ್ಕ ಎಷ್ಟೋ ಸಲ ಅವನ ಯಂತ್ರಕ್ಕೂ ಬಂದಿರುತ್ತದೆ, ಪರದೆಯ ಮೇಲೆ ಮಾತ್ರ ಕಾಣುವುದಿಲ್ಲ. ವಾಲ್‌ಹ್ಯಾಕ್ ಎಂಬ ಚೀಟ್ ಅದನ್ನು ಕದ್ದು ಓದಿ ತೋರಿಸುತ್ತದೆ. ಏಮ್‌ಬಾಟ್ ಎಂಬ ಇನ್ನೊಂದು ಗುರಿಯನ್ನೂ ತಾನೇ ಹಿಡಿಯುತ್ತದೆ. ಇನ್ನು ಅವನು ಆಡುವುದಕ್ಕೆ ಉಳಿದಿರುವುದೇನು?

2018ರಲ್ಲಿ ಶಾಂಘೈನಲ್ಲಿ ನಡೆದ, ಕೌಂಟರ್ ಸ್ಟ್ರೈಕ್ ಎಂಬ ಗುಂಡಿನ ಆಟದ ಪಂದ್ಯಾವಳಿಯಲ್ಲಿ ಭಾರತದ ತಂಡವೊಂದರ ಆಟಗಾರ ಪಂದ್ಯದ ನಡುವೆಯೇ ಸಿಕ್ಕಿಬಿದ್ದ. ಚೀಟ್ ಕಡತಕ್ಕೆ, ಬರವಣಿಗೆಯ ತಂತ್ರಾಂಶವೇನೋ ಅನ್ನಿಸುವಂತೆ, ‘ವರ್ಡ್’ ಎಂದು ಹೆಸರಿಟ್ಟಿದ್ದ. ತಂಡ ಹೊರಬಿತ್ತು, ಆಮೇಲೆ ವಿಸರ್ಜನೆಯೂ ಆಯಿತು. ಜೊತೆಯಲ್ಲಿದ್ದ ನಾಲ್ವರ ಶ್ರಮವೂ ಅವನೊಂದಿಗೇ ಹೋಯಿತು.

ನಮ್ಮ ಕುವೆಂಪುನಗರದ ಮನೆಯ ಮಹಡಿಯಲ್ಲಿ ಪದವಿ ಓದುವ ಮಗಳು ಮೂವರು ಗೆಳತಿಯರೊಂದಿಗೆ ಮೊಬೈಲಿನಲ್ಲಿ ಆಡುತ್ತಿದ್ದಳು. ಆಟದೊಳಗಿನ ಒಂದು ಪಾಳು ಮನೆಯಲ್ಲಿ ನಾಲ್ವರೂ ಅಡಗಿ, ಆಡುವ ಜಾಗವನ್ನು ಕಿರಿದಾಗಿಸುತ್ತ ಬರುವ ಕೊನೆಯ ವೃತ್ತ ಮುಚ್ಚುವುದನ್ನೇ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಹೊಡೆಯಲು ಬಂದ ಎದುರಾಳಿ ಕಿಟಕಿಯಲ್ಲಿ ಇಣುಕಲೂ ಇಲ್ಲ. ಆಟದಲ್ಲಿ ಮಗಳು ಸತ್ತ ಮೇಲೆ ಅವನ ಕಣ್ಣಿನಿಂದ ಆಟ ನೋಡಿದೆವು: ಗೋಡೆಯಾಚೆ ಉಳಿದವರು ಸರಿದರೆ ಅವನ ಗುರಿಯೂ ಸರಿಯುತ್ತಿತ್ತು, ಬಗ್ಗಿದರೆ ಬಗ್ಗುತ್ತಿತ್ತು. ಮಗಳು ಫೋನನ್ನು ಹಾಸಿಗೆಯ ಮೇಲೆ ಕವುಚಿ ಹಾಕಿ, “ನನ್ನ ಹೆಜ್ಜೆಯ ಸದ್ದು ಕೇಳಿಸಿತೇನೋ ಅಪ್ಪ” ಎಂದಳು. ಅವನ ಕಳ್ಳತನಕ್ಕೆ ಇವಳು ತನ್ನಲ್ಲಿ ತಪ್ಪು ಹುಡುಕುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿದ್ದು ಆಗ.

ಮರುದಿನ ಮಹಡಿಗೆ ಹೋದಾಗ ಅವಳು ಒಬ್ಬಳೇ ಕುಳಿತು, ಆ ಪಾಳು ಮನೆಯೊಳಗೆ ಸದ್ದಾಗದಂತೆ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು.