ಹೆಲ್ಮೆಟ್ಟಿಗೂ ಒಂದು ಜಾಗ

ಒಂದು ಕೈಯಲ್ಲಿ ಖಾರಾಬಾತಿನ ತಟ್ಟೆ, ಇನ್ನೊಂದು ಕೈಯಲ್ಲಿ ಕಾಫಿ. ಇಡೋಣ ಅಂತ ನೋಡಿದರೆ ಟೇಬಲ್ ಮೇಲೆ ಹೆಲ್ಮೆಟ್ಟು. ಅದರ ಯಜಮಾನ ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿದ್ದಾನೆ. ಅವನ ತಟ್ಟೆಯಲ್ಲಿ ಉಳಿದಿರುವುದು ಒಂದು ಕರಿಬೇವಿನ ಎಲೆ. ತಿಂದು ಎಷ್ಟು ಹೊತ್ತಾಯಿತೋ. ನಾನು ಕೆಮ್ಮಿದೆ. ಹೆಲ್ಮೆಟ್ಟನ್ನು ಒಂದಂಗುಲ ಸರಿಸಿದ. ಸರಿಸಿ, ಥ್ಯಾಂಕ್ಸ್ ಬರುತ್ತದೇನೋ ಅಂತ ನನ್ನ ಮುಖ ನೋಡಿದ.

ಇದು ಗಾಂಧಿನಗರದ ಒಂದು ದರ್ಶಿನಿಯಲ್ಲಿ, ಬೆಳಗ್ಗೆ ಒಂಬತ್ತೂವರೆಗೆ. ಆ ಹೊತ್ತಿನಲ್ಲಿ ಅಲ್ಲಿ ಮನುಷ್ಯರಿಗೇ ಜಾಗ ಇರುವುದಿಲ್ಲ. ಒಂಟಿಕಾಲಿನ ಆ ಪುಟ್ಟ ಟೇಬಲ್ಲುಗಳ ಸುತ್ತ ನಿಲ್ಲುವವರನ್ನು ನೋಡಿ ನೋಡಿ, ಬೆಂಗಳೂರಿನ ಜನರ ಬಗ್ಗೆ ನನ್ನದೇ ಒಂದು ಸಿದ್ಧಾಂತ ತಯಾರಾಗಿದೆ. ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಮಾವನ ವಿಷಯ ಹೇಳಬೇಕು.

ಮಾವ ಅಂದರೆ ಸೋದರಮಾವ. ತೀರ್ಥಹಳ್ಳಿ ಕಡೆಯವರು. ತೋಟದ ಗಡಿಯ ಕೇಸು ಹೈಕೋರ್ಟಿಗೆ ಬಂದ ಮೇಲೆ ಆಗಾಗ ಬೆಂಗಳೂರಿಗೆ ಬರುತ್ತಿದ್ದರು. ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುವುದು, ನಾನು ಹೋಗಿ ಕರೆದುಕೊಂಡು ತಿಂಡಿ ಕೊಡಿಸುವುದು. ಹೋಟೆಲ್ ಅಂದರೆ ಹೀಗಿರಬೇಕು ಅಂತ ಅವರ ತಲೆಯಲ್ಲಿ ಒಂದು ಚಿತ್ರ ಇದೆ. ಮೊದಲು ಕೂರಬೇಕು. ಮಾಣಿ ಬಂದು ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸಬೇಕು. ನೀರಿನ ಲೋಟ ಕುಕ್ಕಬೇಕು. ಆಗ ಇವರು "ಏನಿದೆ?" ಅಂತ ಕೇಳಬೇಕು. ಅವನು ಒಂದೇ ಉಸಿರಿಗೆ ಇಡೀ ಪಟ್ಟಿ ಒಪ್ಪಿಸಬೇಕು. ಅದನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡು ಮಾವ ಹೇಳುತ್ತಾರೆ: "ಎರಡು ಇಡ್ಲಿ." ಯಾವಾಗಲೂ ಅಷ್ಟೇ. ಆದರೆ ಪಟ್ಟಿ ಕೇಳದೆ ತಿಂದ ಇಡ್ಲಿ ಅವರಿಗೆ ಒಗ್ಗುವುದಿಲ್ಲ.

ಇಂಥವರನ್ನು ದರ್ಶಿನಿಗೆ ಕರೆದುಕೊಂಡು ಹೋದೆ. ಕ್ಯಾಷ್ ಕೌಂಟರಿನ ಮುಂದೆ ನಿಂತು ಮಾವ ಕೇಳಿದರು, "ಏನಿದೆಯಪ್ಪಾ?"

ಕ್ಯಾಷಿಯರ್ ತಲೆ ಎತ್ತದೆ ಪೆನ್ನನ್ನು ಮಾತ್ರ ಮೇಲಕ್ಕೆ ತೋರಿಸಿದ. ಅಲ್ಲಿ ಬೋರ್ಡು. ಮಾವ ಚೀಲದಿಂದ ಕನ್ನಡಕದ ಡಬ್ಬಿ ತೆಗೆದರು. ಕನ್ನಡಕ ಒರೆಸಿದರು, ಹಾಕಿಕೊಂಡರು. ಹಿಂದೆ ಏಳೆಂಟು ಜನ ಸೇರಿಯಾಗಿತ್ತು.

"ಇಡ್ಲಿ ಇದೆಯಾ?"

"ಇದೆ."

"ವಡೆ?"

"ಇದೆ ಸರ್. ಬೋರ್ಡ್ ಮೇಲಿರೋದೆಲ್ಲಾ ಇದೆ."

"ಶ್ಯಾವಿಗೆಬಾತು?"

"ಅದು ಖಾಲಿ."

"ಮತ್ತೆ ಎಲ್ಲಾ ಇದೆ ಅಂದೆಯಲ್ಲ?"

ಮಾವನ ವಕೀಲರು ಅಷ್ಟು ವರ್ಷದಲ್ಲಿ ಒಮ್ಮೆಯೂ ಎದುರು ಪಾರ್ಟಿಯನ್ನು ಹೀಗೆ ಹಿಡಿದಿರಲಿಲ್ಲ. ಸಾಲು ಫುಟ್‌ಪಾತಿಗೆ ಇಳಿಯಿತು. ಯಾರೋ "ಅಂಕಲ್, ಆಫೀಸಿಗೆ ಟೈಮಾಯ್ತು" ಅಂದರು. ಮಾವ ತಿರುಗಿ, "ಹೋಗಿ ಬನ್ನಿ" ಅಂದರು. ಆಮೇಲೆ ಪೂರಿಗೆ ಪಲ್ಯವೋ ಸಾಗುವೋ ಅಂತ ವಿಚಾರಿಸಿದರು. ರವೆ ಇಡ್ಲಿಗೆ ಗೋಡಂಬಿ ಹಾಕುತ್ತೀರಾ ಅಂತ ಕೇಳಿದರು. ಕ್ಯಾಷಿಯರ್ ಪೆನ್ನು ಕೆಳಗಿಟ್ಟ. ಹಿಂದೆ ಎಲ್ಲೋ ಸಪ್ಲೈಯರ್ ಆಗಿದ್ದವನಿರಬೇಕು. ಉಸಿರೆಳೆದುಕೊಂಡು ಶುರು ಮಾಡಿದ: "ಇಡ್ಲಿ ವಡೆ ಖಾಲಿ ಮಸಾಲೆ ಸೆಟ್ ರವೆ ಈರುಳ್ಳಿ ಪೂರಿ ಖಾರಾಬಾತ್ ಕೇಸರಿಬಾತ್ ಚೌಚೌಬಾತ್!" ಎಲ್ಲೂ ತಡವರಿಸಲಿಲ್ಲ.

ಮಾವನ ಮುಖ ಅರಳಿತು. "ಎರಡು ಇಡ್ಲಿ."

ಕೂರುವುದು ಎಲ್ಲಿ ಅನ್ನುವ ಪ್ರಶ್ನೆ ಇನ್ನೂ ಬಾಕಿ ಇತ್ತು. "ಸೀಟಿಂಗ್ ಇಲ್ಲ ಸರ್" ಅಂದಾಗ ನನ್ನ ಕಡೆ ತಿರುಗಿದರು. "ಮಾಣಿ ಇಲ್ಲ, ಕುರ್ಚಿ ಇಲ್ಲ. ಇದು ಎಂಥ ಹೋಟ್ಲು ಮಾರಾಯ? ದನ ನಿಂತು ಮೇಯುತ್ತೆ." ಪಕ್ಕದ ಅಂಗಡಿಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಅದರ ಮೆಟ್ಟಿಲ ಮೇಲೆ ಕೂತರು. ಸಾಂಬಾರ್ ತಂದುಕೊಟ್ಟ ಮಾಣಿ ನಾನು. ಎರಡನೇ ಸಲ ಚಟ್ನಿ ತಂದುಕೊಟ್ಟವನೂ ನಾನೇ.

ನಾನು ವಿವರಿಸಲು ನೋಡಿದೆ. ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಅಂತ ಶುರುವಾಯಿತು, ಮಾವ. ಕುರ್ಚಿ ಇಲ್ಲ, ಸಪ್ಲೈ ಇಲ್ಲ, ಚೀಟಿ ತಗೊಂಡು ನಾವೇ ಇಸ್ಕೊಂಡು ನಿಂತು ತಿನ್ನೋದು. ಜಾಗ ಉಳಿಯುತ್ತೆ, ಸಂಬಳ ಉಳಿಯುತ್ತೆ, ಅದಕ್ಕೇ ಅಗ್ಗ. ಮಾವ ಇಡ್ಲಿ ಮುರಿಯುತ್ತಾ ಕೇಳಿದರು, "ಹಾಗಾದರೆ ನಾವೇ ರುಬ್ಬಿಕೊಟ್ಟರೆ ಇನ್ನೂ ಅಗ್ಗ ಆಗುತ್ತಾ?"

ಅವರ ಸಮಾಧಾನಕ್ಕೆ ಇನ್ನೊಂದು ಸಲ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದೆ. 1943ರ ಹೋಟೆಲು. ಅಲ್ಲಿ ಕುರ್ಚಿ ಇದೆ, ಪಂಚೆ ಉಟ್ಟ ಸಪ್ಲೈಯರ್ ಇದ್ದಾರೆ. ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಒಬ್ಬರು ಬಂದಾಗ ಮಾವ ಎದ್ದು ನಿಲ್ಲುವುದೊಂದು ಬಾಕಿ. ಆದರೆ ಕೂರುವುದಕ್ಕೆ ಮೊದಲು ಬಾಗಿಲಲ್ಲಿ ಕಾಯಬೇಕು. ಕೋರ್ಟು ನಮಗಾಗಿ ಕಾಯುತ್ತದೆಯೇ? ಹಾಗಾಗಿ ಮತ್ತೆ ಮೆಟ್ಟಿಲೇ ಗತಿಯಾಯಿತು.

ಅಗ್ಗದ ಮಾತು ಬಂದಾಗ ಮಾವ ತುರ್ತು ಪರಿಸ್ಥಿತಿಯ ಕಥೆ ತೆಗೆಯುತ್ತಾರೆ. ಆಗ ಸರ್ಕಾರವೇ ಹೋಟೆಲ್ ತಿಂಡಿಗೆ ರೇಟು ಕಟ್ಟಿತ್ತು. ಆ ರೇಟಿಗೆ ತಮ್ಮ ತಿಂಡಿ ಕೊಡಲಾಗದೆ ಎಂಟಿಆರ್‌ನವರು ಹೋಟೆಲನ್ನೇ ಮುಚ್ಚಿ ಪುಡಿ, ಮಿಕ್ಸು ಮಾರುವುದಕ್ಕೆ ಕೂತರು. "ಆಗ ಅವರು ಬಾಗಿಲು ಹಾಕಿದರು. ನಿಮ್ಮವರು ಕುರ್ಚಿ ಎತ್ತಿಟ್ಟರು" ಅನ್ನುವುದು ಮಾವನ ತೀರ್ಪು.

ನನಗೇನೋ ನಿಂತು ತಿನ್ನುವುದರಲ್ಲಿ ತಕರಾರಿಲ್ಲ. ಪಕ್ಕದವರ ಮೇಲೆ ಇದೆ. ತಟ್ಟೆಯಲ್ಲೇ ಕೈ ತೊಳೆಯುವವರು ಇದ್ದಾರಲ್ಲ, ಅವರ ಪಕ್ಕ ನಿಂತು ಸಾಂಬಾರ್ ಕುಡಿದು ನೋಡಿ. ಇನ್ನು ಕೆಲವರು ಒಬ್ಬರನ್ನು ಟೇಬಲ್ ಕಾಯಲು ನಿಲ್ಲಿಸಿ ಉಳಿದವರು ಸಾಲಿಗೆ ಹೋಗುತ್ತಾರೆ. ಖಾಲಿ ಟೇಬಲ್ಲಿನ ಹತ್ತಿರ ಹೋದರೆ ಆ ಕಾವಲುಗಾರ "ಜನ ಇದ್ದಾರೆ" ಅನ್ನುತ್ತಾನೆ. ನಾನೇನು ಮರವಾ? ಇತ್ತೀಚೆಗೆ ತುಪ್ಪ ಸುರಿಯುವುದನ್ನು ವಿಡಿಯೋ ಮಾಡಿಕೊಳ್ಳುವವರು ಬೇರೆ ಸೇರಿಕೊಂಡಿದ್ದಾರೆ. ತುಪ್ಪ ಸರಿಯಾಗಿ ಬೀಳಲಿಲ್ಲ ಅಂತ ಇನ್ನೊಮ್ಮೆ ಸುರಿಸುತ್ತಾರೆ. ಹಿಂದೆ ನಿಂತವನ ದೋಸೆ ಕಲ್ಲಿನ ಮೇಲೆ ಕಪ್ಪಾಗುತ್ತಿರುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಇವರನ್ನು ಕಂಡರೆ ನನಗೆ ನಿಜವಾಗಿ ಆಗುವುದಿಲ್ಲ.

ಸಿದ್ಧಾಂತ ಹೇಳುತ್ತೇನೆ ಅಂದಿದ್ದೆ ಅಲ್ವಾ. ಅದನ್ನು ಸರಿಯಾಗಿ ಜೋಡಿಸಿಕೊಳ್ಳೋಣ ಅಂತಲೇ ಮೊನ್ನೆ ಜನ ಕಡಿಮೆ ಇರುವ ಹೊತ್ತು ನೋಡಿ ಹನ್ನೊಂದೂಮುಕ್ಕಾಲಿಗೆ ಹೋದೆ. ಅದು ಕೆಟ್ಟ ಗಳಿಗೆ. ಇಡ್ಲಿ ಮುಗಿದಿರುತ್ತದೆ, ಬಿಸಿಬೇಳೆಬಾತ್ ಇನ್ನೂ ಒಲೆಯ ಮೇಲಿರುತ್ತದೆ. ಇಡ್ಲಿ ಕೇಳಿದೆ, ಖಾಲಿ. ದೋಸೆ ಕೇಳಿದೆ, ಕಲ್ಲು ಆರಿಸಿಯಾಯಿತಂತೆ. ರೈಸ್‌ಬಾತ್ ಹನ್ನೆರಡೂವರೆಗೆ. ಹಸಿದಿದ್ದೆ. ಬೋರ್ಡ್ ನೋಡಿ, "ಶ್ಯಾವಿಗೆಬಾತ್ ಇದೆಯಾ?" ಅಂದುಬಿಟ್ಟೆ.

ಕ್ಯಾಷಿಯರ್ ಸೀಟಿನಿಂದ ಅರ್ಧ ಎದ್ದು ನನ್ನ ಬೆನ್ನ ಹಿಂದೆ ಇಣುಕಿದ. "ನಿಮ್ಮ ಮಾವ ಬಂದಿದ್ದಾರಾ ಸರ್?"